ಮೆಕ್ಯಾನಿಕ್ ಕಂಡೊಡನೆ ಮಾಯವಾಗುವ ಕಾಯಿಲೆ

ರಾತ್ರಿಯಿಡೀ ಕಾಡಿದ ಹಲ್ಲುನೋವು ದಂತವೈದ್ಯರ ಮೆಟ್ಟಿಲು ಹತ್ತುತ್ತಿದ್ದಂತೆ ನಿಂತುಹೋಗುವುದುಂಟು. ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದಾಗ ಯಾವ ಹಲ್ಲು ಎಂದು ತೋರಿಸಲೂ ಆಗುವುದಿಲ್ಲ. ಯಂತ್ರಗಳಿಗೂ ಇಂಥ ಕಾಯಿಲೆ ಬರುತ್ತದೆ. ಪೂರಾ ಕೆಟ್ಟು ಕುಳಿತ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುವ ಯಂತ್ರ ಮಾತ್ರ ಎಂಥ ನಿಪುಣನನ್ನೂ ಪೇಚಿಗೆ ಸಿಕ್ಕಿಸುತ್ತದೆ.

ಹಳೆಯ ಕಾರುಗಳ ಕ್ರೂಸ್ ಕಂಟ್ರೋಲ್ ಇದಕ್ಕೆ ಒಳ್ಳೆಯ ಉದಾಹರಣೆ. ಚಾಲಕ ಒಂದು ಗುಂಡಿ ಒತ್ತಿದರೆ ಸಾಕು, ಆ್ಯಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಓಡುವಂತೆ ನೋಡಿಕೊಳ್ಳುವ ವ್ಯವಸ್ಥೆ ಇದು. ನೂರಾರು ಮೈಲಿ ನೇರ ಹೆದ್ದಾರಿಗಳಿರುವ ಅಮೆರಿಕದಲ್ಲಿ ಇದು ಬಹು ಹಿಂದೆಯೇ ಮನೆಮಾತಾಯಿತು. ಅಲ್ಲಿಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರು ಮೊದಲು ಕೊಳ್ಳುವುದು ಹಲವು ಕೈ ದಾಟಿ ಬಂದ ಹಳೆಯ ಕಾರನ್ನೇ. ಎಂಜಿನ್ ಚೆನ್ನಾಗಿರುತ್ತದೆ, ಬ್ರೇಕ್ ಚೆನ್ನಾಗಿರುತ್ತದೆ. ಆದರೆ ಕ್ರೂಸ್ ಕಂಟ್ರೋಲ್ ಒಂದು ದಿನ ಇನ್ನೂರು ಮೈಲಿ ತಕರಾರಿಲ್ಲದೆ ನಡೆದು, ಮರುದಿನ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಕಳಚಿಕೊಳ್ಳುತ್ತದೆ. ಇದು ಬರೀ ಕಿರಿಕಿರಿಯೇ, ಅಥವಾ ಕಾರು ಏನನ್ನೋ ಹೇಳಲು ಹೊರಟಿದೆಯೇ? ತಿಳಿಯಬೇಕಾದರೆ ಮೊದಲು ಅದು ಕೆಲಸ ಮಾಡುವ ಬಗೆಯನ್ನು ಅರಿಯಬೇಕು.

ಕಣ್ಣಿಲ್ಲದವರಿಗೆ ಹೊಳೆದ ಉಪಾಯ

ಕ್ರೂಸ್ ಕಂಟ್ರೋಲನ್ನು ಕಂಡುಹಿಡಿದವರು ಕಣ್ಣು ಕಾಣದ ಒಬ್ಬ ಎಂಜಿನಿಯರ್ ಎಂದರೆ ಆಶ್ಚರ್ಯವಾಗಬಹುದು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1890ರಲ್ಲಿ ಹುಟ್ಟಿದ ರಾಲ್ಫ್ ಟೀಟರ್, ಐದನೆಯ ವಯಸ್ಸಿನಲ್ಲಿ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡರು. ಆದರೂ 1912ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. 1936ರಲ್ಲಿ ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಘಕ್ಕೆ ಅಧ್ಯಕ್ಷರೂ ಆದರು. ಬೆರಳ ತುದಿಯ ಸ್ಪರ್ಶದಿಂದಲೇ ಯಂತ್ರದ ಹದವನ್ನು ಅಳೆಯಬಲ್ಲವರಾಗಿದ್ದರು ಅವರು.

ಟೀಟರ್ ತಮ್ಮ ವಕೀಲರ ಕಾರಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ವಕೀಲರು ಮಾತಿಗೆ ತೊಡಗಿದರೆ ಕಾರಿನ ವೇಗ ಒಂದು ರೀತಿ, ಮಾತು ನಿಲ್ಲಿಸಿದರೆ ಇನ್ನೊಂದು ರೀತಿ. ಕಣ್ಣಿದ್ದವರು ಗಮನಿಸದ ಈ ಏರಿಳಿತ ಕಣ್ಣಿಲ್ಲದ ಪ್ರಯಾಣಿಕನ ಮೈಗೆ ತಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಟೈರು ಮತ್ತು ಪೆಟ್ರೋಲ್ ಉಳಿಸಲೆಂದು ಅಮೆರಿಕ ಸರ್ಕಾರ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿ.ಮೀ. ವೇಗಮಿತಿ ಹಾಕಿದ್ದೂ ಇಂಥ ಸಾಧನದ ಅಗತ್ಯವನ್ನು ಎತ್ತಿ ತೋರಿಸಿತು. ಟೀಟರ್ ಅವರ ಸಾಧನಕ್ಕೆ ಪೇಟೆಂಟ್ ಸಿಕ್ಕಿದ್ದು 1950ರಲ್ಲಿ. ಕ್ರೈಸ್ಲರ್ ಕಂಪನಿ 1958ರ ಮಾದರಿಗಳಲ್ಲಿ ಅದನ್ನು ಅಳವಡಿಸಿತು. 1973ರ ತೈಲ ಬಿಕ್ಕಟ್ಟಿನ ನಂತರ 1974ರಲ್ಲಿ ಅಮೆರಿಕದಾದ್ಯಂತ ಗಂಟೆಗೆ 55 ಮೈಲಿಯ ಮಿತಿ ಬಂದಾಗ ಅದಕ್ಕೆ ಇನ್ನಷ್ಟು ಬೇಡಿಕೆ ಬಂತು.

ಕಣ್ಣು, ಮಿದುಳು, ಕೈ

ಸ್ವೀಡನ್ನಿನ ವೋಲ್ವೊ 240 ಕಾರನ್ನು ತೆಗೆದುಕೊಳ್ಳೋಣ. 1974ರಿಂದ 1993ರವರೆಗೆ ಸುಮಾರು 28 ಲಕ್ಷ ತಯಾರಾದ, ಪೆಟ್ಟಿಗೆಯಾಕಾರದ ಗಟ್ಟಿಮುಟ್ಟಾದ ಸಂಸಾರಸ್ಥರ ಕಾರು ಇದು. ಇದರ ಕ್ರೂಸ್ ಕಂಟ್ರೋಲನ್ನು ಮೂರು ಭಾಗಗಳಾಗಿ ನೋಡಬಹುದು.

ಮೊದಲನೆಯದು ಕಣ್ಣು, ಅಂದರೆ ವೇಗವನ್ನು ಅಳೆಯುವ ಸೆನ್ಸರ್. 1986ರ ನಂತರದ ಮಾದರಿಗಳಲ್ಲಿ ಇದು ಹಿಂದಿನ ಆ್ಯಕ್ಸಲ್ಲಿನ ಮೇಲಿರುತ್ತದೆ. ಅಲ್ಲಿಂದ ಹೊರಟ ವಿದ್ಯುತ್ ಮಿಡಿತಗಳು ಸ್ಪೀಡೋಮೀಟರಿಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗುತ್ತವೆ. ಎರಡನೆಯದು ಮಿದುಳು. ಡ್ಯಾಶ್‌ಬೋರ್ಡಿನ ಕೆಳಗೆ ಅಡಗಿರುವ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದು. ಚಾಲಕ ಗೊತ್ತುಪಡಿಸಿದ ವೇಗವನ್ನೂ ಈಗಿನ ವೇಗವನ್ನೂ ಎಡೆಬಿಡದೆ ಹೋಲಿಸುತ್ತಿರುವುದು ಅದರ ಕೆಲಸ. ಮೂರನೆಯದು ಕೈ. ಅದು ಎಂಜಿನ್ ಪಕ್ಕದಲ್ಲಿರುವ ರಬ್ಬರಿನ ಒಂದು ತಿದಿ. ಕಮ್ಮಾರನ ತಿದಿ ಗಾಳಿಯನ್ನು ಹೊರಗೆ ಊದಿದರೆ, ಈ ತಿದಿಯೊಳಗಿನ ಗಾಳಿಯನ್ನು ಹೊರಗೆ ಹೀರಲಾಗುತ್ತದೆ. ಆಗ ಹೊರಗಿನ ವಾತಾವರಣದ ಒತ್ತಡ ಅದನ್ನು ಅದುಮುತ್ತದೆ. ತಿದಿ ಕುಗ್ಗಿದಂತೆ ಥ್ರಾಟಲ್ ತೆರೆದುಕೊಳ್ಳುತ್ತದೆ, ಎಂಜಿನ್ನಿಗೆ ಬಲ ಬರುತ್ತದೆ.

ಬರೀ ಗಾಳಿಗೆ ಅಷ್ಟು ಶಕ್ತಿ ಇದೆಯೇ? ಪ್ರೌಢಶಾಲೆಯ ಲೆಕ್ಕವನ್ನೇ ಹಾಕಿ ನೋಡಬಹುದು. ವಾತಾವರಣದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ತೂಕದಷ್ಟು. ತಿದಿಯ ಮುಖದ ವ್ಯಾಸ 8 ಸೆಂ.ಮೀ. ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ಒಳಗಿನ ಒತ್ತಡವನ್ನು ಹತ್ತರಲ್ಲಿ ಮೂರು ಪಾಲು ಇಳಿಸಿದರೂ ಸಾಕು, 15 ಕಿಲೋ ತೂಕದಷ್ಟು ಎಳೆತ ಸಿಗುತ್ತದೆ. ಥ್ರಾಟಲ್ ಎಳೆಯಲು ಅದು ಧಾರಾಳ.

ಕಾರು ದಿಣ್ಣೆ ಹತ್ತುವಾಗ ವೇಗ ತುಸು ಇಳಿಯುತ್ತದೆ. ಕಣ್ಣು ಅದನ್ನು ಕಾಣುತ್ತದೆ, ಮಿದುಳು ವ್ಯತ್ಯಾಸವನ್ನು ಲೆಕ್ಕ ಹಾಕುತ್ತದೆ, ಕೈ ಎಳೆಯುತ್ತದೆ. ವೇಗ ಮತ್ತೆ ಸರಿಹೋದೊಡನೆ ಎಳೆತ ಸಡಿಲಗೊಳ್ಳುತ್ತದೆ. ಫಲಿತಾಂಶವನ್ನು ಅಳೆದು ಅದರಂತೆ ಕ್ರಿಯೆಯನ್ನು ತಿದ್ದಿಕೊಳ್ಳುವ ಈ ಏರ್ಪಾಡಿಗೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಜೋಡಿಸಿದ ತಿರುಗುವ ಗುಂಡುಗಳ ಗವರ್ನರ್‌ನಲ್ಲಿ ಇದ್ದದ್ದೂ ಇದೇ ತತ್ವ.

ಬಿಟ್ಟುಕೊಡುವುದೇ ಅದರ ಧರ್ಮ

ಇಲ್ಲೊಂದು ಮುಖ್ಯ ಸಂಗತಿಯಿದೆ. ಹಿಡಿದುಕೊಳ್ಳುವುದಕ್ಕಿಂತ ಬಿಟ್ಟುಬಿಡುವುದನ್ನೇ ಮೊದಲ ಕರ್ತವ್ಯವೆಂದು ಎಣಿಸಿ ಕ್ರೂಸ್ ಕಂಟ್ರೋಲನ್ನು ರೂಪಿಸಿರುತ್ತಾರೆ. ಚಾಲಕ ಬ್ರೇಕ್ ತುಳಿದ ಕ್ಷಣವೇ ಅದು ಕಳಚಿಕೊಳ್ಳಬೇಕು. ಅದಕ್ಕೆಂದೇ ಎರಡು ಬೇರೆ ಬೇರೆ ಏರ್ಪಾಡುಗಳಿವೆ. ಬ್ರೇಕ್ ಪೆಡಲ್ಲಿನ ಬಳಿಯ ವಿದ್ಯುತ್ ಸ್ವಿಚ್ಚು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲೇ ಇರುವ ಪುಟ್ಟ ಕವಾಟವೊಂದು ತಿದಿಗೆ ಹೊರಗಿನ ಗಾಳಿಯನ್ನು ನುಗ್ಗಿಸಿ, ಮಿದುಳು ಸುಮ್ಮನಿದ್ದರೂ ಎಳೆತವನ್ನು ಮುರಿಯುತ್ತದೆ. ಒಂದು ಸೋತರೆ ಇನ್ನೊಂದು ಕಾಯಲಿ ಎಂಬ ಎಚ್ಚರಿಕೆ ಇದು.

ಇದರ ಪರಿಣಾಮವಾಗಿ ಎಲ್ಲಿ ಸಣ್ಣ ಅನುಮಾನ ಬಂದರೂ ಕ್ರೂಸ್ ಕಂಟ್ರೋಲ್ ಕೆಲಸ ನಿಲ್ಲಿಸುತ್ತದೆ. ತಂತಿ ಸಡಿಲವಾದರೂ ಅದೇ ಲಕ್ಷಣ, ರಬ್ಬರ್ ನಳಿಕೆ ಸೀಳಿದರೂ ಅದೇ, ಸ್ಪೀಡೋಮೀಟರ್ ತಪ್ಪು ಹೇಳಿದರೂ ಅದೇ. ಜ್ವರವೊಂದನ್ನೇ ನೋಡಿ ಮಲೇರಿಯಾವೋ ಟೈಫಾಯ್ಡೋ ಎಂದು ಹೇಳಲಾಗದಂತೆ, ಕಳಚಿಕೊಂಡದ್ದನ್ನಷ್ಟೇ ನೋಡಿ ದೋಷ ಎಲ್ಲಿದೆಯೆಂದು ಹೇಳಲು ಬಾರದು. ಊಹೆಯಿಂದ ಒಂದೊಂದೇ ಭಾಗವನ್ನು ಬದಲಿಸುತ್ತ ಹೋದರೆ ಜೇಬು ಖಾಲಿಯಾಗುತ್ತದೆ, ದೋಷ ಅಲ್ಲೇ ಇರುತ್ತದೆ.

ಮೊದಲು ಹಿಂದಿನ ದೀಪ ನೋಡಿ

ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು? ಸುಲಭವಾದ, ಖರ್ಚಿಲ್ಲದ, ಅಪಾಯಕ್ಕೆ ಹತ್ತಿರವಾದ ಜಾಗದಿಂದ. ಅದು ಕಾರಿನ ಹಿಂಬದಿಯ ಬ್ರೇಕ್ ದೀಪ.

ಅನೇಕ ಹಳೆಯ ಕಾರುಗಳಲ್ಲಿ ಮಿದುಳಿನ ಪೆಟ್ಟಿಗೆ ಬ್ರೇಕ್ ದೀಪಗಳ ತಂತಿಯ ಮೇಲೆಯೇ ಕಣ್ಣಿಟ್ಟಿರುತ್ತದೆ. ಪೆಡಲ್ ತುಳಿಯದಿದ್ದಾಗ ಆ ತಂತಿ ಬಲ್ಬಿನ ಎಳೆಯ ಮೂಲಕ ಕಾರಿನ ಲೋಹದ ಮೈಗೆ, ಅಂದರೆ ಅರ್ಥ್‌ಗೆ ಕೂಡಿಕೊಂಡಿರಬೇಕು. ಬಲ್ಬುಗಳು ಸುಟ್ಟುಹೋಗಿದ್ದರೆ ಅಥವಾ ಹೋಲ್ಡರ್ ತುಕ್ಕು ಹಿಡಿದಿದ್ದರೆ ಆ ಕೊಂಡಿ ತಪ್ಪುತ್ತದೆ. ಆಗ 'ಬ್ರೇಕ್ ತುಳಿದಿರಬಹುದು' ಎಂಬ ಅನುಮಾನದಿಂದ ಪೆಟ್ಟಿಗೆ ಕೆಲಸಕ್ಕೆ ಒಪ್ಪುವುದಿಲ್ಲ. ಹಳೆಯ ಬಲ್ಬಿನ ಜಾಗಕ್ಕೆ ಎಲ್‌ಇಡಿ ದೀಪ ಹಾಕಿದ ಮೇಲೆ ಕ್ರೂಸ್ ಕಂಟ್ರೋಲ್ ನಿಂತುಹೋದ ಪ್ರಸಂಗಗಳಿಗೂ ಇದೇ ಕಾರಣ. ಎಲ್‌ಇಡಿ ದೀಪ ಬಲ್ಬಿನ ಎಳೆಯಂತೆ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವುದಿಲ್ಲ.

ಇನ್ನೊಂದು ಸಾಧ್ಯತೆ ಪೆಡಲ್ಲಿನ ಬಳಿಯ ಸ್ವಿಚ್ಚು. ವರ್ಷಗಳ ಬಳಕೆಯಿಂದ ಅದು ತುಸು ಸರಿದಿದ್ದರೆ, ರಸ್ತೆಯ ಕುಲುಕಾಟಕ್ಕೇ ಕ್ಷಣಕಾಲ ಬ್ರೇಕ್ ತುಳಿದಂತೆ ಸುದ್ದಿ ಕೊಡುತ್ತದೆ. ಆ ಕ್ಷಣದಲ್ಲಿ ಹಿಂದಿನ ದೀಪವೂ ಮಿನುಗಬಹುದು.

ಪರೀಕ್ಷೆ ಬಹಳ ಸರಳ. ಒಬ್ಬರು ಪೆಡಲ್ ತುಳಿದು ಬಿಡಬೇಕು, ಇನ್ನೊಬ್ಬರು ಹಿಂದೆ ನಿಂತು ನೋಡಬೇಕು. ಎಲ್ಲ ದೀಪಗಳೂ ತಕ್ಷಣ ಹತ್ತಿ ತಕ್ಷಣ ಆರುತ್ತವೆಯೇ? ಇದು ಕ್ರೂಸ್ ಕಂಟ್ರೋಲಿನ ಸಲುವಾಗಿ ಮಾತ್ರ ಮಾಡುವ ಪರೀಕ್ಷೆಯಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಮುಂದಿನ ಕಾರಿನ ಬ್ರೇಕ್ ದೀಪ ಹತ್ತದೆ ಹಿಂದಿನ ಚಾಲಕನಿಗೆ ಒಂದು ಸೆಕೆಂಡ್ ತಡವಾಗಿ ತಿಳಿದರೆ, ಆ 28 ಮೀಟರ್ ಜೀವ ಮರಣದ ಅಂತರವಾಗಬಹುದು. ಕಿರಿಕಿರಿ ಎನಿಸಿದ ದೋಷ ಇಲ್ಲಿ ನಿಜಕ್ಕೂ ಕಾವಲುಗಾರನ ಕೂಗು!

ದಿನಚರಿ ಬರೆದಿಡಿ

ದೀಪಗಳು ಸರಿಯಾಗಿದ್ದರೆ ಮುಂದಿನ ಸಲಕರಣೆ ಸ್ಪ್ಯಾನರ್ ಅಲ್ಲ, ಒಂದು ನೋಟ್ ಪುಸ್ತಕ ಮತ್ತು ಪೆನ್ಸಿಲ್. 'ಯಾವಾಗ ಕೈಕೊಡುತ್ತದೆ?' ಎಂದು ಮೆಕ್ಯಾನಿಕ್ ಕೇಳಿದರೆ 'ಒಮ್ಮೊಮ್ಮೆ' ಎಂಬ ಉತ್ತರದಿಂದ ಏನೂ ಪ್ರಯೋಜನವಿಲ್ಲ. ಕಳಚಿಕೊಂಡ ಪ್ರತಿ ಸಲವೂ ಪಕ್ಕದಲ್ಲಿ ಕುಳಿತವರು ಇಷ್ಟನ್ನು ಬರೆದುಕೊಳ್ಳಬೇಕು: ಹೊರಟು ಎಷ್ಟು ಹೊತ್ತಾಗಿತ್ತು? ಬಿಸಿಲೋ ಚಳಿಯೋ ಮಳೆಯೋ? ದಿಣ್ಣೆಯೋ ಇಳಿಜಾರೋ? ರಸ್ತೆ ನಯವಾಗಿತ್ತೋ ಒರಟಾಗಿತ್ತೋ? ಇಂಡಿಕೇಟರ್ ಹಾಕಲಾಗಿತ್ತೇ? ಸ್ಟಿಯರಿಂಗ್ ತಿರುಗಿತ್ತೇ? ಸ್ಪೀಡೋಮೀಟರ್ ಮುಳ್ಳು ಅಲುಗಿತೇ?

ಹತ್ತು ಹನ್ನೆರಡು ಸಾಲು ಬರೆಯುವಷ್ಟರಲ್ಲಿ ಕತ್ತಲೆಯಲ್ಲಿದ್ದ ಕಳ್ಳನ ಹೆಜ್ಜೆಗುರುತು ಕಾಣಿಸತೊಡಗುತ್ತದೆ.

ದಿಣ್ಣೆ ಹತ್ತುವಾಗಲೇ ವೇಗ ಜಾರುತ್ತಿದ್ದರೆ ಸಂದೇಹ ಗಾಳಿಯ ಕಡೆಗೆ. ಬಹಳಷ್ಟು ಕಾರುಗಳಲ್ಲಿ ತಿದಿಗೆ ಬೇಕಾದ ನಿರ್ವಾತ ಎಂಜಿನ್ನಿನಿಂದಲೇ ಬರುತ್ತದೆ. ಥ್ರಾಟಲ್ ಹೆಚ್ಚು ತೆರೆದಾಗ ಅದು ಸಹಜವಾಗಿಯೇ ಕಡಿಮೆಯಾಗುತ್ತದೆ. ಇದರ ಜೊತೆಗೆ ನಳಿಕೆಯಲ್ಲಿ ಬಿರುಕೂ ಇದ್ದರೆ ಸಮತಟ್ಟಿನಲ್ಲಿ ಸಾಲುತ್ತಿದ್ದ ಎಳೆತ ದಿಣ್ಣೆಯಲ್ಲಿ ಸಾಲದಾಗುತ್ತದೆ. ಹಲವು ವೋಲ್ವೊ ಕಾರುಗಳಲ್ಲಿರುವಂತೆ ಪ್ರತ್ಯೇಕ ವಿದ್ಯುತ್ ಪಂಪು ಇದ್ದರೂ ಸೋರಿಕೆ ಸೋರಿಕೆಯೇ.

ಇಂಡಿಕೇಟರ್ ಹಾಕಿದಾಗ ಕಳಚಿಕೊಂಡರೆ ನೋಡಬೇಕಾದದ್ದು ಇಂಡಿಕೇಟರ್ ಕಡ್ಡಿಯನ್ನು. ವೋಲ್ವೊ 240ರಲ್ಲಿ ಕ್ರೂಸ್ ಕಂಟ್ರೋಲಿನ ಗುಂಡಿ ಇರುವುದು ಆ ಕಡ್ಡಿಯಲ್ಲೇ. ಸಾವಿರಾರು ಸಲ ಬಾಗಿದ ಒಳಗಿನ ತಂತಿಯ ಎಳೆಗಳು ಮುರಿದಿರಬಹುದು. ಗುಂಡಿಗಳು ಸ್ಟಿಯರಿಂಗ್ ಚಕ್ರದ ಮೇಲಿರುವ ಕಾರುಗಳಲ್ಲಿ, ಚಕ್ರ ತಿರುಗಿದಾಗ ಮಾತ್ರ ದೋಷ ಕಾಣಿಸಿಕೊಂಡರೆ, ಚಕ್ರದ ಒಳಗೆ ಸುರುಳಿ ಸುತ್ತಿದ ಪಟ್ಟಿ ತಂತಿಯ ಮೇಲೆ ಅನುಮಾನ ಪಡಬೇಕು. ಏರ್‌ಬ್ಯಾಗಿನ ತಂತಿಯೂ ಅದರಲ್ಲೇ ಹಾದುಹೋಗುವುದರಿಂದ ಮನೆಯಲ್ಲಿ ಯಾರೂ ಅದಕ್ಕೆ ಕೈ ಹಾಕಬಾರದು.

ಸ್ಪೀಡೋಮೀಟರ್ ಮುಳ್ಳು ಕುಣಿದಾಗಲೇ ಕ್ರೂಸ್ ಕಂಟ್ರೋಲ್ ಬಿಟ್ಟುಕೊಟ್ಟರೆ ಕಣ್ಣಿಗೇ ಪೊರೆ ಬಂದಿದೆ ಎಂದರ್ಥ. ಸೆನ್ಸರ್ ಅಥವಾ ಅದರ ತಂತಿಯನ್ನು ಪರೀಕ್ಷಿಸಬೇಕು.

ಬಿಸಿಲಿನಲ್ಲಿ ನಿಂತ ಕಾರು ಹೊರಟ ಕೂಡಲೇ ಸತಾಯಿಸಿ, ಒಳಗೆ ತಂಪಾದ ಮೇಲೆ ಸರಿಹೋದರೆ, ಅಥವಾ ಇದಕ್ಕೆ ತಿರುಗುಮುರುಗಾದರೆ, ಮಿದುಳಿನ ಪೆಟ್ಟಿಗೆಯ ಬೆಸುಗೆಯನ್ನು ಶಂಕಿಸಬೇಕು. ಬಿಸಿಯಾದಾಗ ತಾಮ್ರ, ಬೆಸುಗೆಯ ಲೋಹ ಮತ್ತು ಅವುಗಳನ್ನು ಹೊತ್ತ ಹಲಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಹತ್ತಿಪ್ಪತ್ತು ವರ್ಷ ಹಿಗ್ಗಿ ಕುಗ್ಗಿದ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಒಂದು ಉಷ್ಣತೆಯಲ್ಲಿ ಬಿರುಕಿನ ತುಟಿಗಳು ತಾಗಿರುತ್ತವೆ, ಇನ್ನೊಂದರಲ್ಲಿ ಬೇರೆಯಾಗುತ್ತವೆ. ಬಂದು ಹೋಗುವ ದೋಷಗಳ ತವರುಮನೆ ಇದು.

ಕಾಯಿಲೆಯನ್ನು ಕರೆಸಿಕೊಳ್ಳುವುದು

ದಿನಚರಿಯಿಂದ ಹುಟ್ಟಿದ್ದು ಇನ್ನೂ ಊಹೆಯಷ್ಟೇ. ಅದನ್ನು ಪರೀಕ್ಷೆಗೆ ಒಡ್ಡಬೇಕು. ದೋಷ ತಾನಾಗಿ ಬರಲೆಂದು ಕಾಯುವ ಬದಲು ಅದನ್ನು ಬೇಕೆಂದೇ ಬರಿಸಲು ಯತ್ನಿಸುವುದು ಜಾಣತನ.

ಗಾಳಿಯ ಮೇಲೆ ಸಂದೇಹವಿದ್ದರೆ ಎಂಜಿನ್ ನಿಲ್ಲಿಸಿ, ತಿದಿಯ ನಳಿಕೆಯನ್ನು ಕಳಚಿ, ತಿದಿಯನ್ನು ಕೈಯಿಂದ ಅದುಮಿ, ಬಾಯನ್ನು ಬೆರಳಿನಿಂದ ಮುಚ್ಚಿ ನೋಡಬಹುದು. ತಿದಿ ಗಟ್ಟಿಯಾಗಿದ್ದರೆ ಕುಗ್ಗಿದಂತೆಯೇ ನಿಲ್ಲುತ್ತದೆ. ಮೆಲ್ಲಗೆ ಉಬ್ಬಿದರೆ ಎಲ್ಲೋ ತೂತಿದೆ. ಸಣ್ಣ ಕೈಪಂಪು ಇದ್ದರೆ ಪ್ರತಿ ನಳಿಕೆಯನ್ನೂ ಪೆಡಲ್ಲಿನ ಕವಾಟವನ್ನೂ ಹೀಗೆಯೇ ಬೇರೆ ಬೇರೆಯಾಗಿ ಪರೀಕ್ಷಿಸಬಹುದು.

ಬೆಸುಗೆಯ ಮೇಲೆ ಸಂದೇಹವಿದ್ದರೆ ಬಲ್ಲವರು ಪೆಟ್ಟಿಗೆಯನ್ನು ತೆರೆದು ಭೂತಗನ್ನಡಿಯಲ್ಲಿ ನೋಡುತ್ತಾರೆ. ಕೂದಲು ಒಣಗಿಸುವ ಯಂತ್ರದಿಂದ ತುಸುವೇ ಬಿಸಿ ತಾಗಿಸಿ, ದೋಷ ಆಗ ಕಾಣಿಸಿಕೊಳ್ಳುವುದೇ ಎಂದು ಪರೀಕ್ಷಿಸುತ್ತಾರೆ. ತಂತಿಯ ಮೇಲಿನ ಅನುಮಾನಕ್ಕೆ ಸಾಕ್ಷಿ ದೀಪದ ಉಪಾಯವಿದೆ. ಶಂಕಿತ ಸ್ವಿಚ್ಚುಗಳಿಗೆ ಒಂದೊಂದು ಪುಟ್ಟ ದೀಪ ಅಥವಾ ಮೀಟರ್ ಜೋಡಿಸಿ ಕಾರು ಓಡಿಸಿದರೆ, ಕ್ರೂಸ್ ಕಂಟ್ರೋಲ್ ಕಳಚಿದ ಕ್ಷಣ ಯಾವ ದೀಪ ಬದಲಾಯಿತೆಂದು ತಿಳಿಯುತ್ತದೆ. ದೀಪದ ಮೇಲೆ ಕಣ್ಣಿಡಬೇಕಾದವರು ಪಕ್ಕದಲ್ಲಿರುವವರು. ಚಾಲಕನ ಕಣ್ಣು ರಸ್ತೆಯ ಮೇಲೆಯೇ ಇರಬೇಕು.

ಎಲ್ಲಕ್ಕಿಂತ ದೊಡ್ಡ ನಿಯಮ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ನಳಿಕೆ, ಸ್ವಿಚ್ಚು, ಬೆಸುಗೆ ಮೂರನ್ನೂ ಒಂದೇ ಸಂಜೆ ಸರಿಮಾಡಿದರೆ ಕಾರು ಸರಿಹೋಗಬಹುದು, ಆದರೆ ಯಾವುದು ಕಾರಣವಾಗಿತ್ತೆಂದು ಎಂದೂ ತಿಳಿಯುವುದಿಲ್ಲ.

ವಾಸಿಯಾಯಿತೆಂದು ಹೇಳುವುದು ಯಾವಾಗ?

ಬಂದು ಹೋಗುವ ದೋಷದ ದೊಡ್ಡ ಮೋಸ ಇರುವುದು ಇಲ್ಲಿಯೇ. ರಿಪೇರಿ ಮಾಡಿ ಒಂದು ಸುತ್ತು ಓಡಿಸಿದಾಗ ದೋಷ ಕಾಣದಿದ್ದರೆ 'ಸರಿಹೋಯಿತು' ಎನ್ನುತ್ತಾರೆ. ಆದರೆ ಅದು ರಿಪೇರಿಗೆ ಮುಂಚೆಯೂ ಎಷ್ಟೋ ಸುತ್ತು ಕಾಣಿಸುತ್ತಿರಲಿಲ್ಲವಲ್ಲ!

ದೋಷ ಸರಾಸರಿ 100 ಕಿ.ಮೀ.ಗೆ ಒಮ್ಮೆ, ಯಾವ ಕ್ರಮವೂ ಇಲ್ಲದೆ ಬರುತ್ತಿತ್ತು ಎಂದಿಟ್ಟುಕೊಳ್ಳೋಣ. ಏನನ್ನೂ ರಿಪೇರಿ ಮಾಡದಿದ್ದರೂ 100 ಕಿ.ಮೀ. ಪ್ರಯಾಣ ನಿರ್ವಿಘ್ನವಾಗಿ ಮುಗಿಯುವ ಸಂಭವ ನೂರಕ್ಕೆ ಸುಮಾರು 37. 300 ಕಿ.ಮೀ. ತೊಂದರೆಯಿಲ್ಲದೆ ಓಡಿದರೆ, ಅದು ಬರೀ ಅದೃಷ್ಟವಾಗಿರುವ ಸಂಭವ ನೂರಕ್ಕೆ 5ಕ್ಕೆ ಇಳಿಯುತ್ತದೆ. ಎಂದರೆ ದೋಷದ ಸರಾಸರಿ ಅಂತರಕ್ಕಿಂತ ಮೂರು ಪಟ್ಟಾದರೂ ಓಡಿಸದೆ ತೀರ್ಪು ಕೊಡಬಾರದು. ಅದೂ ದಿನಚರಿಯಲ್ಲಿ ಬರೆದ ಅದೇ ಬಿಸಿಲು, ಅದೇ ದಿಣ್ಣೆ, ಅದೇ ಒರಟು ರಸ್ತೆಯಲ್ಲಿ. ಇದಕ್ಕಿಂತ ಬಲವಾದ ಪುರಾವೆಯೂ ಉಂಟು. ತೆಗೆದ ಹಳೆಯ ನಳಿಕೆಯನ್ನೋ ಇಂಡಿಕೇಟರ್ ಕಡ್ಡಿಯನ್ನೋ ಮತ್ತೆ ಹಾಕಿದಾಗ ದೋಷ ಮರಳಿ ಬಂದು, ಹೊಸದು ಹಾಕಿದಾಗ ಮತ್ತೆ ಹೋದರೆ ಆರೋಪಿ ಸಿಕ್ಕಿಬಿದ್ದಂತೆಯೇ.

ಮಾಡಬಾರದ ಕೆಲಸ

ಹುಡುಕಿ ಬೇಸತ್ತವರಿಗೆ ಒಂದು ಅಡ್ಡದಾರಿ ಕಾಣುತ್ತದೆ. ಬ್ರೇಕ್ ಸ್ವಿಚ್ಚಿನ ತಂತಿಗಳನ್ನು ನೇರವಾಗಿ ಜೋಡಿಸುವುದು, ಇಲ್ಲವೇ ಪೆಡಲ್ಲಿನ ಕವಾಟದ ನಳಿಕೆಯನ್ನು ಬಿರಡೆ ಹಾಕಿ ಮುಚ್ಚುವುದು. ಕ್ರೂಸ್ ಕಂಟ್ರೋಲ್ ಕಳಚಿಕೊಳ್ಳುವುದು ನಿಲ್ಲುತ್ತದೆ, ನಿಜ. ಆದರೆ ಬೇಕಾದಾಗಲೂ ಕಳಚಿಕೊಳ್ಳದೆ ಹೋದೀತು. ತಾನಾಗಿ ಬಿಟ್ಟುಕೊಡುವ ಕ್ರೂಸ್ ಕಂಟ್ರೋಲಿನಿಂದ ತೊಂದರೆ, ಬಿಟ್ಟುಕೊಡದ ಕ್ರೂಸ್ ಕಂಟ್ರೋಲಿನಿಂದ ಪ್ರಾಣಾಪಾಯ. ದೋಷ ಪತ್ತೆಯಾಗುವವರೆಗೆ ಅದನ್ನು ಬಳಸದೆ ಕಾಲಿನಿಂದಲೇ ಓಡಿಸುವುದು ಕ್ಷೇಮ.

ಪೆಡಲ್ಲಿನ ಬಳಿಯ ಒಂದು ಚಿಕ್ಕ ಸ್ವಿಚ್ಚನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಅಮೆರಿಕದ ವಾಹನ ಚರಿತ್ರೆಯಲ್ಲೇ ಸಾಕ್ಷಿಯಿದೆ. ಫೋರ್ಡ್ ಕಂಪನಿ 1999ರಿಂದ 2009ರವರೆಗೆ ಹಲವು ಕಂತುಗಳಲ್ಲಿ ಸುಮಾರು ಒಂದೂವರೆ ಕೋಟಿ ವಾಹನಗಳನ್ನು ವಾಪಸು ಕರೆಸಿ ಸರಿಪಡಿಸಬೇಕಾಯಿತು. ಕ್ರೂಸ್ ಕಂಟ್ರೋಲನ್ನು ಕಳಚಲೆಂದೇ ಬ್ರೇಕ್ ದ್ರವದ ವ್ಯವಸ್ಥೆಗೆ ಜೋಡಿಸಿದ್ದ ಸ್ವಿಚ್ಚಿನೊಳಗಿನ ತೆಳು ಪೊರೆ ಸೀಳಿ, ದ್ರವ ವಿದ್ಯುತ್ ಭಾಗಕ್ಕೆ ಸೋರುತ್ತಿತ್ತು. ಬೀಗದ ಕೈ ತೆಗೆದ ಮೇಲೂ ಆ ಸ್ವಿಚ್ಚಿನಲ್ಲಿ ವಿದ್ಯುತ್ ಇರುತ್ತಿದ್ದುದರಿಂದ ನಿಲ್ಲಿಸಿದ ವಾಹನಕ್ಕೂ ಬೆಂಕಿ ಹತ್ತುವ ಅಪಾಯವಿತ್ತು. ಅಮೆರಿಕದಲ್ಲಿ ಹಳೆಯ ಕಾರು ಕೊಳ್ಳುವವರು ಅದರ 17 ಅಕ್ಷರ ಅಂಕಿಗಳ ಗುರುತಿನ ಸಂಖ್ಯೆಯನ್ನು ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆಯ ಪಟ್ಟಿಯಲ್ಲಿ ಪರಿಶೀಲಿಸಿ, ಬಾಕಿಯಿರುವ ಉಚಿತ ರಿಪೇರಿಗಳೇನಾದರೂ ಇವೆಯೇ ಎಂದು ತಿಳಿದುಕೊಳ್ಳಬಹುದು. ದೂರದಲ್ಲಿರುವ ತಂದೆ ತಾಯಿ ಮಕ್ಕಳಿಗೆ ಮೊದಲು ಹೇಳಬೇಕಾದ ಬುದ್ಧಿಮಾತು ಇದು.

ಹೊಸ ಕಾರುಗಳಲ್ಲಿ ರಬ್ಬರಿನ ತಿದಿಯಿಲ್ಲ, ಥ್ರಾಟಲನ್ನು ಎಳೆಯುವ ತಂತಿಯೂ ಇಲ್ಲ. ಪುಟ್ಟ ಮೋಟಾರು ಆ ಕೆಲಸ ಮಾಡುತ್ತದೆ. ನಮ್ಮ ದೇಶದ ಅನೇಕ ಕಾರುಗಳಲ್ಲೂ ಈಗ ಕ್ರೂಸ್ ಕಂಟ್ರೋಲ್ ಬರುತ್ತಿದೆ. ಆದರೂ ಬ್ರೇಕ್ ಸ್ವಿಚ್ಚು ಇದೆ, ತಂತಿಯಿದೆ, ಬೆಸುಗೆಯಿದೆ. ಎಲ್ಲಿಯವರೆಗೆ ಅವು ಇರುತ್ತವೋ ಅಲ್ಲಿಯವರೆಗೆ ಬಂದು ಹೋಗುವ ದೋಷಗಳೂ ಇರುತ್ತವೆ. ಮನೆಯಲ್ಲಿ ಮಿನುಗುವ ಟ್ಯೂಬ್‌ಲೈಟ್, ಒಮ್ಮೊಮ್ಮೆ ನಿಲ್ಲುವ ಮಿಕ್ಸಿ, ಮಳೆಗಾಲದಲ್ಲಿ ಮಾತ್ರ ಮೊಂಡಾಟ ಮಾಡುವ ಸ್ಕೂಟರ್, ಎಲ್ಲಕ್ಕೂ ಔಷಧ ಒಂದೇ. ಗಮನಿಸಿ, ಬರೆದಿಡಿ, ಊಹಿಸಿ, ಒಂದೊಂದಾಗಿ ಪರೀಕ್ಷಿಸಿ, ಸಾಕಷ್ಟು ಕಾದು ತೀರ್ಮಾನಿಸಿ. ಪಠ್ಯಪುಸ್ತಕದ ಮೊದಲ ಪಾಠದಲ್ಲಿ 'ವೈಜ್ಞಾನಿಕ ವಿಧಾನ' ಎಂದು ಬಾಯಿಪಾಠ ಮಾಡಿಸುವುದು ಇದನ್ನೇ.